ಒಳನಂಜು ಮತ್ತು ಇಲಿಗಳ ರಕ್ಷಣಾ ಕೋಶಗಳು: ಸಂಶೋಧನೆಯ ಇತಿಹಾಸ

ಒಳನಂಜು ಅಥವಾ ಎಂಡೋಟಾಕ್ಸಿನ್ ಎಂದರೆ ಇ. ಕೋಲಿ, ಸಾಲ್ಮೊನೆಲ್ಲಾ ಮುಂತಾದ ಬ್ಯಾಕ್ಟೀರಿಯಗಳ ಹೊರಪೊರೆಯಲ್ಲಿರುವ ಲಿಪೊಪಾಲಿಸ್ಯಾಕರೈಡ್. ದೇಹದ ರಕ್ಷಣಾ ಕೋಶಗಳನ್ನು ಇದು ಮಿತಿಮೀರಿ ಕೆರಳಿಸುತ್ತದೆ. ಜ್ವರ, ರಕ್ತದೊತ್ತಡದ ಕುಸಿತ, ಕೊನೆಗೆ ಸಾವು ಬರುವುದು ಆ ಕೆರಳುವಿಕೆಯಿಂದ. ಇದನ್ನು ತಿಳಿಸಿಕೊಟ್ಟವುಗಳಲ್ಲಿ ಮುಖ್ಯವಾದದ್ದು ನಂಜಿಗೆ ಜಗ್ಗದ ಒಂದು ಇಲಿ ತಳಿ.

ಆರಂಭ

ಬರ್ಲಿನ್‌ನಲ್ಲಿ ರಾಬರ್ಟ್ ಕಾಖ್ ಅವರ ಸಂಸ್ಥೆಯಲ್ಲಿದ್ದ ರಿಚರ್ಡ್ ಫೈಫರ್, ಕಾಯಿಸಿ ಕೊಂದ ಕಾಲರಾ ಬ್ಯಾಕ್ಟೀರಿಯಗಳೂ ಗಿನಿಯಿಲಿಗಳನ್ನು ಸಾಯಿಸುವುದನ್ನು 1892ರಲ್ಲಿ ಕಂಡರು. ನಂಜು ಬ್ಯಾಕ್ಟೀರಿಯದ ಮೈಯಲ್ಲೇ ಇದೆ ಎಂಬುದು ಅವರ ತೀರ್ಮಾನ. 1950ರ ದಶಕದಲ್ಲಿ ಜರ್ಮನಿಯ ಒಟ್ಟೊ ವೆಸ್ಟ್‌ಫಾಲ್ ಮತ್ತು ಸಂಗಡಿಗರು ಬಿಸಿ ಫಿನಾಲ್ ಹಾಗೂ ನೀರಿನಿಂದ ಅದನ್ನು ಶುದ್ಧವಾಗಿ ಬೇರ್ಪಡಿಸಿದರು.

ಜಗ್ಗದ ತಳಿ

ನಂಜು ಚುಚ್ಚಿದ ಸಾಮಾನ್ಯ ಇಲಿ ರೋಮ ಕೆದರಿಕೊಂಡು, ಮುದುಡಿ ಮೂಲೆ ಸೇರಿ, ಮೇವು ಬಿಡುತ್ತದೆ. ಅಮೆರಿಕದ ಸಿ3ಎಚ್/ಎಚ್‌ಇಜೆ ತಳಿಗೆ ಅಷ್ಟೇ ನಂಜು ಕೊಟ್ಟರೆ ಏನೂ ಆಗುವುದಿಲ್ಲ ಎಂದು ಹೆಪ್ನರ್ ಮತ್ತು ವೈಸ್ 1965ರಲ್ಲಿ ವರದಿ ಮಾಡಿದರು. ಇದಕ್ಕೆ ಒಂದೇ ಜೀನ್ ಕಾರಣ ಎಂದು ಮುಂದಿನ ದಶಕದ ತಳಿ ಅಧ್ಯಯನಗಳು ಸೂಚಿಸಿದವು.

ಮಜ್ಜೆಯ ಅದಲುಬದಲು

ನಂಜಿಗೆ ಓಗೊಡುವುದು ಯಾವ ಕೋಶ? 1980ರಲ್ಲಿ ಸುಝಾನ್ ಮಿಚಲೆಕ್ ಮತ್ತು ಸಹೋದ್ಯೋಗಿಗಳು ವಿಕಿರಣದಿಂದ ಇಲಿಗಳ ಮೂಳೆಮಜ್ಜೆ ನಾಶಮಾಡಿ, ಜಗ್ಗದ ಆ ತಳಿ ಮತ್ತು ನಂಜಿಗೆ ಸೂಕ್ಷ್ಮವಾದ ಅದರ ಸೋದರ ತಳಿಯ ಮಜ್ಜೆಯನ್ನು ಅದಲುಬದಲು ಮಾಡಿದರು. ಗಟ್ಟಿ ಇಲಿ ನಂಜಿಗೆ ಬಲಿಯಾಗತೊಡಗಿತು, ಸೂಕ್ಷ್ಮ ಇಲಿ ತಡೆದುಕೊಂಡಿತು. ಮಜ್ಜೆಯಲ್ಲಿ ಹುಟ್ಟುವ ರಕ್ತಕೋಶಗಳೇ ಸಾವಿಗೆ ದಾರಿ ಎಂಬುದು ಸ್ಪಷ್ಟವಾಯಿತು. ಅವುಗಳಲ್ಲಿ ಪ್ರಮುಖವಾದ ಮ್ಯಾಕ್ರೋಫೇಜ್‌ಗಳು ಟಿಎನ್‌ಎಫ್ ಎಂಬ ಪ್ರೋಟೀನನ್ನು ಸುರಿಸುತ್ತವೆ. ಅದಕ್ಕೆ ಪ್ರತಿಕಾಯವನ್ನು ಮೊದಲೇ ಕೊಟ್ಟರೆ ಇಲಿಗಳನ್ನು ಉಳಿಸಬಹುದೆಂದು ಬ್ರೂಸ್ ಬಾಯ್ಟ್ಲರ್, ಆಂಥೊನಿ ಸೆರಾಮಿ ಮತ್ತು ಸಂಗಡಿಗರು 1985ರಲ್ಲಿ ತೋರಿಸಿದರು.

ಗ್ರಾಹಕದ ಪತ್ತೆ

1998ರಲ್ಲಿ ಡಲ್ಲಾಸ್‌ನ ಬಾಯ್ಟ್ಲರ್ ತಂಡ ಜಗ್ಗದ ತಳಿಯ ಆ ಜೀನನ್ನು ಹಿಡಿಯಿತು. ಅದು ಟಿಎಲ್‌ಆರ್4, ಕೋಶದ ಮೇಲ್ಮೈಯಲ್ಲಿ ನಂಜನ್ನು ಗುರುತಿಸುವ ಗ್ರಾಹಕದ ಜೀನ್. ಜಗ್ಗದ ತಳಿಯಲ್ಲಿ ಡಿಎನ್‌ಎಯ ಒಂದೇ ಅಕ್ಷರ ಬದಲಾಗಿ, ಗ್ರಾಹಕದ 712ನೇ ಸ್ಥಾನದಲ್ಲಿ ಪ್ರೋಲಿನ್ ಬದಲು ಹಿಸ್ಟಿಡಿನ್ ಕೂತಿತ್ತು. ಸಂದೇಶ ಕೋಶದೊಳಕ್ಕೆ ದಾಟುತ್ತಿರಲಿಲ್ಲ. ಮರುವರ್ಷ ಜಪಾನಿನ ಶಿಝುವೊ ಅಕಿರಾ ತಂಡ ಟಿಎಲ್‌ಆರ್4 ತೆಗೆದ ಇಲಿಗಳಲ್ಲಿ ಇದನ್ನು ದೃಢಪಡಿಸಿತು. 2011ರ ನೊಬೆಲ್ ವೈದ್ಯಕೀಯ ಪ್ರಶಸ್ತಿ ಪಡೆದ ಮೂವರಲ್ಲಿ ಬಾಯ್ಟ್ಲರ್ ಒಬ್ಬರು.

ಇತಿಮಿತಿ

2013ರಲ್ಲಿ ಎರಡು ಪಾಠಗಳು ಬಂದವು. ಕೋಶದೊಳಗೆ ನುಗ್ಗಿದ ನಂಜನ್ನು ಟಿಎಲ್‌ಆರ್4ರ ನೆರವಿಲ್ಲದೆಯೇ ಕ್ಯಾಸ್ಪೇಸ್-11 ಎಂಬ ಕಿಣ್ವದ ಮಾರ್ಗ ಪತ್ತೆಹಚ್ಚುತ್ತದೆ ಎಂದು ಇಲಿಗಳಲ್ಲಿ ತಿಳಿಯಿತು. ಟಿಎಲ್‌ಆರ್4 ತಡೆಯುವ ಎರಿಟೊರಾನ್ ಔಷಧ ತೀವ್ರ ರಕ್ತನಂಜಿನ ರೋಗಿಗಳ ಸಾವನ್ನು ಕಡಿಮೆ ಮಾಡಲಿಲ್ಲ ಎಂಬ ವರದಿಯೂ ಅದೇ ವರ್ಷ ಬಂತು. ಮನುಷ್ಯರಿಗೆ ಹೋಲಿಸಿದರೆ ಇಲಿಗಳು ಎಷ್ಟೋ ಪಟ್ಟು ಹೆಚ್ಚು ಒಳನಂಜನ್ನು ತಾಳಿಕೊಳ್ಳುತ್ತವೆ. ಆದ್ದರಿಂದ ಇಲಿಯಲ್ಲಿ ಕಂಡ ಫಲವನ್ನು ರೋಗಿಯ ಹಾಸಿಗೆಯ ಬಳಿ ಮತ್ತೆ ಪರೀಕ್ಷಿಸಲೇಬೇಕು.