ಬಲ ಆಸನದಿಂದ ಎಡ ಆಸನಕ್ಕೆ: ವಿಮಾನ ಚಾಲಕರ ಬಡ್ತಿಯ ಕಾಲಮಾನ ಕುರಿತು ಒಂದು ವಿಶ್ಲೇಷಣೆ

ಪೀಠಿಕೆ

ಮೈಸೂರಿನ ಕುವೆಂಪುನಗರದಂಥ ಬಡಾವಣೆಯಲ್ಲಿ ಮಗನನ್ನೋ ಮಗಳನ್ನೋ ಪೈಲಟ್ ಓದಿಸಲು ಹೊರಟ ಮನೆಯವರ ಮುಂದೆ ಎರಡು ಪ್ರಶ್ನೆಗಳಿರುತ್ತವೆ: ತರಬೇತಿಗೆ ಎಷ್ಟು ಖರ್ಚಾಗುತ್ತದೆ, ಕ್ಯಾಪ್ಟನ್ ಆಗಲು ಎಷ್ಟು ವರ್ಷ ಬೇಕು. ಮೊದಲನೆಯದಕ್ಕೆ ಒಂದು ಅಂದಾಜು ಸಿಗುತ್ತದೆ. ಪರವಾನಗಿಯ ಖರ್ಚಿಗೆ ನಿರ್ದಿಷ್ಟ ವಿಮಾನದ ಟೈಪ್ ರೇಟಿಂಗ್ ಖರ್ಚು ಸೇರಿದರೆ ಮೊತ್ತ ಅರ್ಧ ಕೋಟಿ ರೂಪಾಯಿ ದಾಟುತ್ತದೆ. ಎರಡನೆಯದಕ್ಕೆ ಒಬ್ಬರು ನಾಲ್ಕು ವರ್ಷ ಎಂದರೆ ಇನ್ನೊಬ್ಬರು ಹನ್ನೆರಡು ಎನ್ನುತ್ತಾರೆ. ಇಬ್ಬರ ಮಾತೂ ನಿಜವಾಗಿರಬಹುದು. ಕ್ಯಾಪ್ಟನ್ ಪದವಿಗೆ ಅರ್ಹತೆಯನ್ನು ಪೈಲಟ್ ತಾನೇ ಗಳಿಸುತ್ತಾನೆ. ಅದು ಕೈಗೆ ಬರುವ ಕಾಲವನ್ನು ಮಾತ್ರ ಅವನು ಸೇರಿದ ಕಂಪನಿ ಎಷ್ಟು ವಿಮಾನ ತರಿಸುತ್ತದೆ, ಅವನು ಸೇರಿದ ದಿನ ಯಾವುದು ಎಂಬ ಎರಡು ಸಂಗತಿಗಳು ನಿರ್ಧರಿಸುತ್ತವೆ. ಕರ್ನಾಟಕದ ವಿಮಾನಯಾನದ ಅನುಭವವನ್ನು ಮುಂದಿಟ್ಟುಕೊಂಡು ಈ ಮಾತನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಅರ್ಹತೆಯ ಕನಿಷ್ಠ ಮಿತಿ

ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿಜಿಸಿಎ, ವಾಣಿಜ್ಯ ಪೈಲಟ್ ಪರವಾನಗಿಗೆ 18 ವರ್ಷ ವಯಸ್ಸು ಮತ್ತು 200 ಗಂಟೆಗಳ ಹಾರಾಟ ಕೇಳುತ್ತದೆ. ಇದರ ಜತೆ ಟೈಪ್ ರೇಟಿಂಗ್ ಇದ್ದರೆ ಫಸ್ಟ್ ಆಫೀಸರ್ ಆಗಿ ಬಲ ಆಸನದಲ್ಲಿ ಕೂರಬಹುದು. ಕ್ಯಾಪ್ಟನ್ ಕೂರುವ ಎಡ ಆಸನಕ್ಕೆ ಎಟಿಪಿಎಲ್ ಎಂಬ ಮೇಲಿನ ಪರವಾನಗಿ ಬೇಕು; ಅದಕ್ಕೆ 21 ವರ್ಷ ತುಂಬಿರಬೇಕು, 1500 ಗಂಟೆಗಳ ಅನುಭವ ಇರಬೇಕು. ಒಬ್ಬ ಪೈಲಟ್ ವರ್ಷಕ್ಕೆ 1000 ಗಂಟೆಗಿಂತ ಹೆಚ್ಚು ಹಾರುವಂತಿಲ್ಲ. ವರ್ಷಕ್ಕೆ 700 ಗಂಟೆ ಹಾರಿದರೂ ಎರಡು ವರ್ಷ ತುಂಬುವ ಹೊತ್ತಿಗೆ ಈ ಗಂಟೆಗಳು ಕೂಡಿಬರುತ್ತವೆ. ಕಂಪನಿಗಳು ತಮ್ಮ ಲೆಕ್ಕದಲ್ಲಿ ಇನ್ನಷ್ಟು ಗಂಟೆ ಕೇಳುವುದುಂಟು. ಅದನ್ನು ಸೇರಿಸಿದರೂ ಹನ್ನೆರಡು ವರ್ಷದ ಕಾಯುವಿಕೆಗೆ ಗಂಟೆಗಳ ಕೊರತೆ ಕಾರಣವಾಗಲಾರದು. ಕಾರಣವನ್ನು ಸೇರಿದ ದಿನದ ಕ್ರಮದಲ್ಲಿ ಸರದಿ ನಿಗದಿಯಾಗುವ ಜ್ಯೇಷ್ಠತಾ ಪಟ್ಟಿಯಲ್ಲಿ ಹುಡುಕಬೇಕು.

ಸಾಲು ಕರಗುವ ಲೆಕ್ಕ

ಒಂದು ಕಾಲ್ಪನಿಕ ಕಂಪನಿಯನ್ನು ತೆಗೆದುಕೊಳ್ಳೋಣ. ಅದರ ಬಳಿ 100 ವಿಮಾನಗಳಿವೆ. ಪ್ರತಿ ವಿಮಾನಕ್ಕೆ 6 ಕ್ಯಾಪ್ಟನ್, 6 ಫಸ್ಟ್ ಆಫೀಸರ್. ಹೊಸದಾಗಿ ಸೇರಿದವರ ಮುಂದೆ 600 ಮಂದಿ ಇದ್ದಾರೆ. ಕಂಪನಿ ವರ್ಷಕ್ಕೆ 20 ವಿಮಾನ ತರಿಸಿದರೆ 120 ಕ್ಯಾಪ್ಟನ್‌ಗಳು ಬೇಕು. ನಿವೃತ್ತಿಯಿಂದ 15, ರಾಜೀನಾಮೆಯಿಂದ 25 ಸ್ಥಾನ ತೆರವಾದರೆ ಒಟ್ಟು 160. 600ನ್ನು 160ರಿಂದ ಭಾಗಿಸಿದರೆ ನಾಲ್ಕು ವರ್ಷದೊಳಗೆ ಸರದಿ ಬರುತ್ತದೆ.

ಅದೇ ಕಂಪನಿ ವರ್ಷಕ್ಕೆ 4 ವಿಮಾನ ಮಾತ್ರ ತರಿಸಿತು, ರಾಜೀನಾಮೆ 11ಕ್ಕೆ ಇಳಿಯಿತು ಎನ್ನೋಣ. ತೆರವಾಗುವ ಸ್ಥಾನ 50. ಕಾಯಬೇಕಾದ ಕಾಲ 12 ವರ್ಷ. ವಿಮಾನ ಖರೀದಿಯೂ ರಾಜೀನಾಮೆಯೂ ಪೂರ್ತಿ ನಿಂತು ನಿವೃತ್ತಿಯ 15 ಸ್ಥಾನಗಳಷ್ಟೇ ಉಳಿದರೆ 40 ವರ್ಷ. 24ನೇ ವಯಸ್ಸಿನಲ್ಲಿ ಸೇರಿದವರು 64ಕ್ಕೆ ಕ್ಯಾಪ್ಟನ್ ಆಗಿ 65ಕ್ಕೆ ನಿವೃತ್ತರಾಗಬೇಕಾಗುತ್ತದೆ. ವಾಸ್ತವದಲ್ಲಿ ಮುಂದಿರುವ ಫಸ್ಟ್ ಆಫೀಸರ್‌ಗಳಲ್ಲೂ ಕೆಲವರು ಬೇರೆ ಕಂಪನಿಗೆ ಹೋಗುವುದರಿಂದ ಸಾಲು ಇದಕ್ಕಿಂತ ಬೇಗ ಕರಗುತ್ತದೆ. ಆದರೆ ಮೂರು ಸಂದರ್ಭಗಳ ನಡುವಿನ ಅಂತರ ಉಳಿದೇ ಉಳಿಯುತ್ತದೆ. ಮೂರರಲ್ಲೂ ಆ ಪೈಲಟ್‌ನ ಸಾಮರ್ಥ್ಯ ಒಂದೇ ಎಂಬುದನ್ನು ಗಮನಿಸಬೇಕು.

ಈ ಲೆಕ್ಕದ ಒಂದೊಂದು ಅಂಶವನ್ನೂ ಕಂಪನಿಯ ಹೊರಗಿನ ತೀರ್ಮಾನಗಳು ಅಲುಗಿಸಬಲ್ಲವು. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ 2006ರ ನವೆಂಬರ್‌ನಲ್ಲಿ ಪೈಲಟ್‌ಗಳ ವಯೋಮಿತಿಯನ್ನು 60ರಿಂದ 65ಕ್ಕೆ ಏರಿಸಿತು. ಹಿರಿಯರಿಗೆ ಐದು ವರ್ಷ ಸಿಕ್ಕಿತು, ಹಿಂದೆ ನಿಂತವರ ಕಾಯುವಿಕೆ ಹೆಚ್ಚಿತು. 2025ರ ಕರ್ತವ್ಯಾವಧಿ ನಿಯಮಗಳ ಪರಿಣಾಮ ಇದಕ್ಕೆ ವಿರುದ್ಧ ದಿಕ್ಕಿನದು. ವಾರದ ವಿಶ್ರಾಂತಿ 36ರಿಂದ 48 ಗಂಟೆಗೆ ಏರಿತು, ರಾತ್ರಿ ಲ್ಯಾಂಡಿಂಗ್ 6ರಿಂದ 2ಕ್ಕೆ ಇಳಿಯಿತು. ಎರಡನೇ ಹಂತ ನವೆಂಬರ್ 1ರಿಂದ ಜಾರಿಗೆ ಬಂತು. ಡಿಸೆಂಬರ್ ಮೊದಲ ವಾರದಲ್ಲಿ ಇಂಡಿಗೋ ಸಾವಿರಾರು ಹಾರಾಟಗಳನ್ನು ರದ್ದುಪಡಿಸಬೇಕಾಯಿತು; ಪ್ರಯಾಣಿಕರ ಸಂಕಷ್ಟ ಸುದ್ದಿಯಾಯಿತು. ಬಡ್ತಿಯ ಕಡೆಯಿಂದ ನೋಡಿದರೆ ಅದೇ ನಿಯಮ ಪ್ರತಿ ವಿಮಾನಕ್ಕೆ ಬೇಕಾದ ಸಿಬ್ಬಂದಿಯನ್ನು ಹೆಚ್ಚಿಸುತ್ತದೆ. ಮೇಲಿನ ಕಾಲ್ಪನಿಕ ಕಂಪನಿಗೆ ವಿಮಾನಕ್ಕೊಬ್ಬ ಕ್ಯಾಪ್ಟನ್ ಹೆಚ್ಚಾಗಿ ಬೇಕಾದರೂ 100 ಸ್ಥಾನ ಒಮ್ಮೆಲೇ ತೆರೆದು, 12 ವರ್ಷದ ಸರದಿ 10ಕ್ಕೆ ಇಳಿಯುತ್ತದೆ.

ಬೆಂಗಳೂರಿನ ಕಂಪನಿಗಳು ಕಲಿಸಿದ ಪಾಠ

ಕುವೆಂಪುನಗರದ ನಿವೃತ್ತ ನೌಕರರಿಗೆ ಜ್ಯೇಷ್ಠತಾ ಪಟ್ಟಿ ಹೊಸದಲ್ಲ. ಆದರೆ ಸರ್ಕಾರಿ ಇಲಾಖೆ ಬಾಗಿಲು ಹಾಕುವುದಿಲ್ಲ. ವಿಮಾನ ಕಂಪನಿ ಹಾಕುತ್ತದೆ. ಜ್ಯೇಷ್ಠತೆ ಒಂದು ಕಂಪನಿಯಿಂದ ಇನ್ನೊಂದಕ್ಕೆ ವರ್ಗವಾಗುವುದೂ ಇಲ್ಲ.

ಹಾಸನ ಜಿಲ್ಲೆಯ ಗೊರೂರಿನ ಜಿ.ಆರ್. ಗೋಪಿನಾಥ್ ಕಟ್ಟಿದ ಏರ್ ಡೆಕ್ಕನ್ 2003ರ ಆಗಸ್ಟ್‌ನಲ್ಲಿ ಎಟಿಆರ್ ಎಂಬ ಸಣ್ಣ ವಿಮಾನಗಳೊಂದಿಗೆ ಹಾರಾಟ ಆರಂಭಿಸಿತು. ವಿಮಾನಗಳು ಬೇಗಬೇಗ ಸೇರುತ್ತಿದ್ದ ಕಾಲವದು. 2005ರಲ್ಲಿ ಬಂದ ಕಿಂಗ್‌ಫಿಷರ್ ಮುಂದೆ ಏರ್ ಡೆಕ್ಕನ್ ಅನ್ನು ತನ್ನೊಳಗೆ ಸೇರಿಸಿಕೊಂಡಿತು. 2012ರ ಅಕ್ಟೋಬರ್‌ನಲ್ಲಿ ಅದರ ಹಾರಾಟ ನಿಂತಾಗ ಅಲ್ಲಿನ ಪಟ್ಟಿಗೆ ಬೆಲೆಯೇ ಉಳಿಯಲಿಲ್ಲ. 2019ರ ಏಪ್ರಿಲ್‌ನಲ್ಲಿ ಜೆಟ್ ಏರ್‌ವೇಸ್, 2023ರ ಮೇನಲ್ಲಿ ಗೋ ಫಸ್ಟ್ ಅದೇ ಹಾದಿ ಹಿಡಿದವು.

ಇಂಥ ಕುಸಿತದ ಪೆಟ್ಟು ಎರಡು ಕಡೆ ಬೀಳುತ್ತದೆ. ಮುಚ್ಚಿದ ಕಂಪನಿಯ ಫಸ್ಟ್ ಆಫೀಸರ್ ಬೇರೆಡೆ ಪಟ್ಟಿಯ ಕೊನೆಗೆ ಸೇರಬೇಕು. ಅದೇ ಕಂಪನಿಯ ಕ್ಯಾಪ್ಟನ್‌ಗೆ ಬೇರೆಡೆ ನೇರವಾಗಿ ಎಡ ಆಸನವೇ ಸಿಗಬಹುದು. ಆಗ ಅಲ್ಲಿ ವರ್ಷಗಳಿಂದ ಕಾದಿದ್ದವರ ಸರದಿ ಹಿಂದಕ್ಕೆ ಸರಿಯುತ್ತದೆ.

ಕಂಪನಿಗಳು ವಿಲೀನವಾದಾಗಲೂ ಇದೇ ಕಗ್ಗಂಟು. 2007ರಲ್ಲಿ ಏರ್ ಇಂಡಿಯಾ ಮತ್ತು ಇಂಡಿಯನ್ ಏರ್‌ಲೈನ್ಸ್ ಒಂದಾದವು, ಪೈಲಟ್‌ಗಳ ಪಟ್ಟಿಗಳು ಒಂದಾಗಲಿಲ್ಲ. ಹೊಸ ಬೋಯಿಂಗ್ 787ರ ತರಬೇತಿ ಯಾರಿಗೆ ಎಂಬ ವಿವಾದ 2012ರ ಮೇ–ಜುಲೈನಲ್ಲಿ 58 ದಿನಗಳ ಮುಷ್ಕರವಾಯಿತು. ಹೊಸ ವಿಮಾನದ ಎಡ ಆಸನಗಳು ಇನ್ನೊಂದು ಪಟ್ಟಿಯವರಿಗೂ ಹಂಚಿಹೋದರೆ ತಮ್ಮ ಬಡ್ತಿ ತಡವಾಗುತ್ತದೆ ಎಂಬ ಆತಂಕ ಅದರ ಮೂಲದಲ್ಲಿತ್ತು.

ಮಂಡಕಳ್ಳಿಯ ರನ್‌ವೇ ಮತ್ತು ಎಟಿಆರ್ ದಾರಿ

ಕುವೆಂಪುನಗರದಿಂದ ನಂಜನಗೂಡು ರಸ್ತೆ ಹಿಡಿದರೆ ಸಿಗುವ ಮಂಡಕಳ್ಳಿ ವಿಮಾನ ನಿಲ್ದಾಣದ ರನ್‌ವೇ 1740 ಮೀಟರ್ ಉದ್ದವಿದೆ. ಏರ್‌ಬಸ್ 320ರಂಥ ಜೆಟ್‌ಗಳ ನಿಯಮಿತ ಸೇವೆಗೆ ಅದು ಸಾಲದು. ಹಾಗಾಗಿ 2010ರ ಅಕ್ಟೋಬರ್‌ನಲ್ಲಿ ಬಂದ ಕಿಂಗ್‌ಫಿಷರ್‌ನಿಂದ ಹಿಡಿದು ಅಲೈಯನ್ಸ್ ಏರ್‌ವರೆಗೆ ಇಲ್ಲಿಳಿದವು ಮುಖ್ಯವಾಗಿ ಎಟಿಆರ್‌ಗಳು. ಪ್ರಯಾಣಿಕರಿಗೆ ಕೊರತೆಯಾಗಿ ಕಾಣುವ ಈ ಸಂಗತಿಗೆ ಬಡ್ತಿಯ ದೃಷ್ಟಿಯಿಂದ ಬೇರೆ ಅರ್ಥವಿದೆ. ಎಟಿಆರ್‌ನ ಕ್ಯಾಪ್ಟನ್‌ಗಳು ಅನುಭವ ಗಳಿಸಿ ಜೆಟ್‌ಗೆ ಹೋಗಲು ನೋಡುತ್ತಾರೆ, ಅವರ ಜಾಗ ತೆರವಾಗುತ್ತದೆ. ಹೀಗಾಗಿ ಸಣ್ಣ ವಿಮಾನದಲ್ಲಿ ಕಮಾಂಡ್, ಅಂದರೆ ಕ್ಯಾಪ್ಟನ್ ಸ್ಥಾನ, ಸಾಮಾನ್ಯವಾಗಿ ಬೇಗ ಸಿಗುತ್ತದೆ. ದೊಡ್ಡ ವಿಮಾನದ ಆಕರ್ಷಣೆಗೆ ಬಿದ್ದು ಈ ದಾರಿಯನ್ನು ಕಡೆಗಣಿಸುವವರು ಲೆಕ್ಕ ಹಾಕಿ ನೋಡುವುದು ಒಳ್ಳೆಯದು.

ಬೇಗ ಸಿಗುವುದೇ ಒಳಿತೇ?

ಸರದಿ ಬಂದ ಮೇಲೂ ಪರೀಕ್ಷೆ ಉಳಿದಿರುತ್ತದೆ. ಸಿಮ್ಯುಲೇಟರ್ ತರಬೇತಿ ಮುಗಿದ ಮೇಲೆ ಹಿರಿಯರೊಬ್ಬರನ್ನು ಬಲಕ್ಕೆ ಕೂರಿಸಿಕೊಂಡು ಎಡ ಆಸನದಿಂದ ಹಾರಿಸಿ ತೋರಿಸಬೇಕು. 1990ರ ಫೆಬ್ರವರಿ 14ರಂದು ಬೆಂಗಳೂರಿನ ಎಚ್‌ಎಎಲ್ ನಿಲ್ದಾಣದ ಬಳಿ ಅಪಘಾತಕ್ಕೀಡಾದ ಇಂಡಿಯನ್ ಏರ್‌ಲೈನ್ಸ್ 605ರಲ್ಲಿ ನಡೆಯುತ್ತಿದ್ದುದು ಅಂಥದೇ ಪರೀಕ್ಷೆ: ಎ-320ರ ಕಮಾಂಡ್‌ಗೆ ಬೇಕಾದ ಹತ್ತು ಮಾರ್ಗ ಪರೀಕ್ಷೆಗಳಲ್ಲಿ ಮೊದಲನೆಯದು. ಇಳಿಯುವ ಹಂತದಲ್ಲಿ ವೇಗ ಕುಸಿದದ್ದು ಇಬ್ಬರು ಪೈಲಟ್‌ಗಳಿಗೂ ಸಕಾಲದಲ್ಲಿ ತಿಳಿಯಲಿಲ್ಲ. 146 ಮಂದಿಯಲ್ಲಿ 92 ಮಂದಿ ಸತ್ತರು. ಇಬ್ಬರೂ ಸಾವಿರಾರು ಗಂಟೆ ಹಾರಿದವರೇ, ಆದರೆ ಆ ಹೊಸ ವಿಮಾನದಲ್ಲಿ ಅವರ ಅನುಭವ ಅಲ್ಪ.

2010ರ ಮೇ 22ರ ಮಂಗಳೂರು ವಿಮಾನ ದುರಂತದಲ್ಲಿ ಎಡ ಆಸನದಲ್ಲಿದ್ದವರು ವಿದೇಶಿ ಕ್ಯಾಪ್ಟನ್. ದೇಶದಲ್ಲಿ ವಿಮಾನಗಳು ಹೆಚ್ಚಿದಷ್ಟು ವೇಗವಾಗಿ ಕ್ಯಾಪ್ಟನ್‌ಗಳು ತಯಾರಾಗದೆ ಹೊರಗಿನಿಂದ ಕರೆಸಿಕೊಳ್ಳುತ್ತಿದ್ದ ಕಾಲ. ಇಳಿಯುವುದನ್ನು ಕೈಬಿಟ್ಟು ಮೇಲೇರಿ ಎಂದು ಫಸ್ಟ್ ಆಫೀಸರ್ ಮೂರು ಬಾರಿ ಹೇಳಿದ್ದನ್ನು ತನಿಖಾ ವರದಿ ದಾಖಲಿಸಿದೆ. ಬಲ ಆಸನದ ತೀರ್ಪು ಸರಿಯಿತ್ತು, ಅಧಿಕಾರ ಎಡಕ್ಕಿತ್ತು. 158 ಜೀವಗಳು ಹೋದವು. ಎರಡೂ ಘಟನೆಗಳನ್ನು ಒಟ್ಟಿಗೆ ಓದಿದರೆ, ಒಟ್ಟು ಗಂಟೆಗಳ ಮೊತ್ತವಾಗಲಿ ಸರದಿಯ ಸಂಖ್ಯೆಯಾಗಲಿ ಕಮಾಂಡ್‌ನ ಯೋಗ್ಯತೆಯನ್ನು ಪೂರ್ತಿ ಅಳೆಯಲಾರವು ಎಂಬುದು ಸ್ಪಷ್ಟವಾಗುತ್ತದೆ.

ಉಪಸಂಹಾರ

2023ರಲ್ಲಿ ಏರ್ ಇಂಡಿಯಾ 470, ಇಂಡಿಗೋ 500 ವಿಮಾನಗಳಿಗೆ ಆರ್ಡರ್ ಕೊಟ್ಟವು. ಇಷ್ಟು ವಿಮಾನಗಳು ಬಂದರೆ ಮುಂದಿನ ದಶಕ ಫಸ್ಟ್ ಆಫೀಸರ್‌ಗಳ ಪಾಲಿಗೆ ಅನುಕೂಲಕರ. ಆದರೆ ಆರ್ಡರ್ ಬೇರೆ, ಕೈಸೇರುವ ವಿಮಾನ ಬೇರೆ. ಕೈಸೇರಿದ ವಿಮಾನಗಳೂ ಪ್ರಾಟ್ ಅಂಡ್ ವಿಟ್ನಿ ಎಂಜಿನ್ ತೊಂದರೆಯಿಂದ ನೆಲದ ಮೇಲೆ ನಿಂತದ್ದನ್ನು ಅದೇ ವರ್ಷ ಕಂಡಿದ್ದೇವೆ. ಕಂಪನಿ ಬದಲಿಸುವುದೂ ಸುಲಭವಲ್ಲ. 2017ರ ನಿಯಮದಂತೆ ಕ್ಯಾಪ್ಟನ್ ಒಂದು ವರ್ಷ, ಫಸ್ಟ್ ಆಫೀಸರ್ ಆರು ತಿಂಗಳು ಮುಂಚಿತವಾಗಿ ನೋಟಿಸ್ ಕೊಡಬೇಕು.

ಆದ್ದರಿಂದ ಸಾಲ ಮಾಡಿ ಮಕ್ಕಳನ್ನು ಓದಿಸುವ ಕುಟುಂಬ ಕೇಳಬೇಕಾದ್ದು ಇವು: ಪಟ್ಟಿಯಲ್ಲಿ ಮುಂದೆ ಎಷ್ಟು ಜನ ಇದ್ದಾರೆ, ಕಳೆದ ವರ್ಷ ಎಷ್ಟು ಮಂದಿಗೆ ಬಡ್ತಿ ಸಿಕ್ಕಿತು, ಎಷ್ಟು ಕ್ಯಾಪ್ಟನ್‌ಗಳನ್ನು ಹೊರಗಿನಿಂದ ನೇರವಾಗಿ ತೆಗೆದುಕೊಂಡರು. ಈ ಮೂರು ಅಂಕಿಗಳು ಪ್ರತಿ ಕಂಪನಿಯ ಬಳಿಯೂ ಇರುತ್ತವೆ. ಅವನ್ನು ವರ್ಷವರ್ಷವೂ ಪ್ರಕಟಿಸಬೇಕೆಂದು ಡಿಜಿಸಿಎ ನಿಯಮ ಮಾಡಿದರೆ ಹಣ ಹೂಡುವ ಕುಟುಂಬಕ್ಕೂ ಪೈಲಟ್ ಕೊರತೆಯನ್ನು ಅಂದಾಜಿಸುವ ಸರ್ಕಾರಕ್ಕೂ ಒಂದೇ ದಾಖಲೆಯಿಂದ ಉತ್ತರ ಸಿಗುತ್ತದೆ.