‘ಹೀಬಿ ಜೀಬೀಸ್’ ಮತ್ತು ಜಾರಿಬಿದ್ದ ಹಾಳೆ: ಸ್ಕ್ಯಾಟ್ ಗಾಯನದ ಮೂಲದ ಮರುಪರಿಶೀಲನೆ

1926ರ ಫೆಬ್ರುವರಿ 26ರಂದು ಶಿಕಾಗೊದಲ್ಲಿ ಓಕೆ ಧ್ವನಿಮುದ್ರಣ ಕಂಪನಿಗಾಗಿ ‘ಹೀಬಿ ಜೀಬೀಸ್’ ಹಾಡುತ್ತಿದ್ದಾಗ ಜಾಝ್ ಗಾಯಕ, ಕಾರ್ನೆಟ್ ವಾದಕ ಲೂಯಿ ಆರ್ಮ್‌ಸ್ಟ್ರಾಂಗ್ ಅವರ ಕೈಯಿಂದ ಸಾಹಿತ್ಯದ ಹಾಳೆ ಜಾರಿತು, ಬಾಯಿಗೆ ಬಂದ ಅಕ್ಷರಗಳಲ್ಲಿ ಅವರು ಹಾಡು ಮುಂದುವರಿಸಿದರು, ಅರ್ಥವಿಲ್ಲದ ಅಕ್ಷರಗಳಲ್ಲಿ ಹಾಡುವ ಸ್ಕ್ಯಾಟ್ ಹುಟ್ಟಿತು ಎಂಬ ಕಥೆಯನ್ನು ಇಂದಿಗೂ ಚರಿತ್ರೆಯೆಂದೇ ಬರೆಯುವವರಿದ್ದಾರೆ. ಆರ್ಮ್‌ಸ್ಟ್ರಾಂಗ್ ತಾವೇ ಅದನ್ನು ಹೇಳಿಕೊಂಡಿದ್ದರು, ನಿಜ. ಆದರೆ ನಟ್ಟನಡುವೆ ಇರುವ ಸಾಕ್ಷಿ ಧ್ವನಿಮುದ್ರಿಕೆ. ಅದನ್ನು ಕಿವಿಗೊಟ್ಟು ಕೇಳದೆ ಕಥೆಯನ್ನು ನಕಲು ಮಾಡುವುದು ಸಂಶೋಧನೆಯಲ್ಲ.

ಆರ್ಮ್‌ಸ್ಟ್ರಾಂಗ್ ಮೊದಲು ಕೋರಸ್ಸನ್ನು ಸಾಹಿತ್ಯದೊಂದಿಗೇ ಹಾಡುತ್ತಾರೆ. ಸ್ಕ್ಯಾಟ್ ಬರುವುದು ಅದೇ ಕೋರಸ್ಸಿನ ಎರಡನೆಯ ಸುತ್ತಿನಲ್ಲಿ. ಆಗಷ್ಟೇ ಹಾಡಿ ಮುಗಿಸಿದ ಮಾತುಗಳಿಗೆ ಹಾಳೆ ಯಾಕೆ ಬೇಕು? ಆ ಸುತ್ತಿನ ಕೊನೆಗೆ ಅವರು ಮತ್ತೆ ಮಾತಿಗೆ ಮರಳುತ್ತಾರೆ, ಲಯ ಕದಲದೆ. ಅಷ್ಟರಲ್ಲಿ ಹಾಳೆ ಕೈಗೆ ಬಂದಿತ್ತು ಎಂದರೆ, ದನಿಯಲ್ಲಿ ಎಲ್ಲಾದರೂ ತಡವರಿಕೆ ಇರಬೇಕಿತ್ತಲ್ಲ! ತಡವರಿಕೆ ಇರುವುದು ಬೇರೆಡೆ. ಮುಕ್ತಾಯದಲ್ಲಿ ವಾದ್ಯಗಳು ನಿಂತು ಮಾತಿಗೆ ಎಡೆಕೊಡುವ ಜಾಗಕ್ಕೆ ಒಂದು ಮಾತು ಹೊತ್ತಿಗೆ ಮುಂಚೆಯೇ ನುಗ್ಗಿಬಿಡುತ್ತದೆ. ಆರ್ಮ್‌ಸ್ಟ್ರಾಂಗ್ ಅವರ ತಂಡ ಎಡವಿದರೆ ಹೇಗೆ ಕೇಳಿಸುತ್ತದೆ ಎಂಬುದಕ್ಕೆ ಇದೇ ಮಾದರಿ. ಸ್ಕ್ಯಾಟ್ ಭಾಗ ಹಾಗೆ ಕೇಳಿಸುವುದೇ ಇಲ್ಲ. (ದೋಷವಿದ್ದ ಮುದ್ರಣವನ್ನೂ ಕಂಪನಿ ಮಾರಿತು ಎಂದು ದಂತಕಥೆಯ ಪಕ್ಷದವರು ಇದನ್ನೇ ತಮ್ಮ ಕಡೆಗೆ ಎಳೆದುಕೊಳ್ಳಬಹುದು. ಅದು ಕಂಪನಿಯ ಧೋರಣೆಗೆ ಪುರಾವೆ, ಹಾಳೆ ಬಿದ್ದದ್ದಕ್ಕಲ್ಲ.)

ಇನ್ನೊಂದು ಸಾಕ್ಷ್ಯವನ್ನು ಅನ್ಯಾಯವಾಗಿ ಮೂಲೆಗೆ ತಳ್ಳಲಾಗಿದೆ. 1938ರಲ್ಲಿ ಲೈಬ್ರರಿ ಆಫ್ ಕಾಂಗ್ರೆಸ್‌ಗಾಗಿ ಅಲನ್ ಲೋಮ್ಯಾಕ್ಸ್ ಮಾಡಿದ ಧ್ವನಿಮುದ್ರಣಗಳಲ್ಲಿ ಜಾಝ್ ಪಿಯಾನೊ ವಾದಕ ಜೆಲ್ಲಿ ರೋಲ್ ಮಾರ್ಟನ್, ಸ್ಕ್ಯಾಟ್‌ನ ಮೊದಲಿಗ ಮಿಸಿಸಿಪ್ಪಿಯ ವಿಕ್ಸ್‌ಬರ್ಗಿನ ಹಾಸ್ಯನಟ ಜೋ ಸಿಮ್ಸ್ ಎಂದಿದ್ದಾರೆ. ತಾವೂ ಪಿಯಾನೊ ವಾದಕ ಟೋನಿ ಜಾಕ್ಸನ್ನರೂ 1906–07ರ ಸುಮಾರಿಗೆ ಹಾಗೆ ಹಾಡುತ್ತಿದ್ದೆವು ಎಂದೂ ಅವರು ಹೇಳಿಕೊಂಡಿದ್ದಾರೆ. ಮಾರ್ಟನ್ ಬಡಾಯಿಗಾರ, ನಂಬಬೇಡಿ ಎನ್ನುವವರು ಒಂದನ್ನು ಮರೆಯುತ್ತಾರೆ. ಜಾಝನ್ನು ತಾನೇ ಸೃಷ್ಟಿಸಿದೆ ಎಂದ ಆ ಮನುಷ್ಯ ಇಲ್ಲಿ ಮೊದಲಿಗನ ಪಟ್ಟವನ್ನು ಇನ್ನೊಬ್ಬನಿಗೆ ಬಿಟ್ಟುಕೊಡುತ್ತಿದ್ದಾನೆ. ಸ್ವಭಾವಕ್ಕೆ ವಿರುದ್ಧವಾಗಿ ನುಡಿದ ಸಾಕ್ಷ್ಯಕ್ಕೆ ತೂಕ ಹೆಚ್ಚು. ಸಿಮ್ಸ್ ಒಬ್ಬನೇ ಮೂಲ ಎಂದು ಒಪ್ಪಬೇಕಿಲ್ಲ, ಆದರೆ 1926ಕ್ಕೆ ಮೊದಲೇ ಸ್ಕ್ಯಾಟ್ ಇತ್ತು ಎಂಬ ಕಾಲನಿರ್ಣಯ ಉಳಿಯುತ್ತದೆ. 1911ರಲ್ಲೇ ಬಿಳಿಯ ವಾಡ್‌ವಿಲ್ ಗಾಯಕ ಜೀನ್ ಗ್ರೀನ್ ‘ಕಿಂಗ್ ಆಫ್ ದ ಬಂಗಲೂಸ್’ ಹಾಡಿನಲ್ಲಿ ಅರ್ಥರಹಿತ ಅಕ್ಷರಗಳ ಸರಮಾಲೆಯನ್ನೇ ಧ್ವನಿಮುದ್ರಿಸಿದ್ದ. 1924ರಲ್ಲಿ, ಫ್ಲೆಚರ್ ಹೆಂಡರ್ಸನ್ ತಂಡಕ್ಕೆ ಆರ್ಮ್‌ಸ್ಟ್ರಾಂಗ್ ಸೇರುವ ಮೊದಲೇ, ಅಲ್ಲಿನ ಡಾನ್ ರೆಡ್ಮನ್ ಸ್ಕ್ಯಾಟ್ ಹಾಡಿದ್ದ.

ಇದರಿಂದ ಆರ್ಮ್‌ಸ್ಟ್ರಾಂಗ್ ಅವರಿಗೆ ಕುಂದು ಎಂದು ಅಭಿಮಾನಿಗಳು ಹೆದರಬೇಕಿಲ್ಲ. ಕುಂದು ತರುವುದು ಹಾಳೆಯ ಕಥೆಯೇ. ಅದು ಅವರ ಕಲೆಯನ್ನು ಕೈತಪ್ಪಿಗೆ ಇಳಿಸುತ್ತದೆ. ಗ್ರೀನ್‌ನ ಅಕ್ಷರಗಳು ನಗಿಸಲೆಂದು ಬಾಯಿಂದ ಸುರಿಯುತ್ತವೆ. ಆರ್ಮ್‌ಸ್ಟ್ರಾಂಗ್ ಅವರವು ಅವರದೇ ಕಾರ್ನೆಟ್‌ನ ಪದ್ಧತಿಯಲ್ಲಿ ಬೀಟಿಗಿಂತ ತುಸು ಹಿಂದೆ ತಂಗಿ, ಅಕ್ಷರವೊಂದನ್ನು ಒತ್ತಿ ಹಿಡಿದು, ಆಮೇಲೆ ಬಿಡುತ್ತವೆ.