ಚುಕ್ಕಾಣಿ ಬಿಗಿತ (ಔಟ್‌ಬೋರ್ಡ್ ದೋಣಿ)

ಚುಕ್ಕಾಣಿ ಬಿಗಿತವೆಂದರೆ ಔಟ್‌ಬೋರ್ಡ್ ಎಂಜಿನ್ ಅಳವಡಿಸಿದ ಸಣ್ಣ ದೋಣಿಯನ್ನು ಎಡಬಲಕ್ಕೆ ತಿರುಗಿಸಲು ಕಷ್ಟವಾಗುವ ದೋಷ. ಇಂತಹ ದೋಣಿಗಳಲ್ಲಿ ಹಿಂಬದಿಯ ಎಂಜಿನ್ನೇ ತಿರುಗಿ ದಿಕ್ಕನ್ನು ಬದಲಿಸುತ್ತದೆ. ಅದು ಬಿಗಿಯಾದರೆ ಅಲೆ, ಬಂಡೆಗಳಿಂದ ತಪ್ಪಿಸಿಕೊಳ್ಳುವುದು ಕಠಿಣ. ಕರ್ನಾಟಕದ ಕರಾವಳಿಯ ನಾಡದೋಣಿಗಳಲ್ಲಿಯೂ ಔಟ್‌ಬೋರ್ಡ್ ಎಂಜಿನ್ ಬಳಕೆಯಲ್ಲಿದೆ.

ಕಾರಣಗಳು

ಚಕ್ರವಿರುವ ದೋಣಿಯಲ್ಲಿ ಕೇಬಲ್ಲಿನ ತುದಿಯ ಸರಳು ಎಂಜಿನ್ನಿನ ಅಡ್ಡ ಕೊಳವೆಯೊಳಗೆ ಜಾರುತ್ತದೆ. ಉಪ್ಪುನೀರಿನ ತುಕ್ಕು ಹಾಗೂ ಗಟ್ಟಿಯಾದ ಹಳೆಯ ಗ್ರೀಸ್ ಅದನ್ನು ಹಿಡಿದಿಡುತ್ತವೆ. ಕೇಬಲ್ಲಿನ ಒಳಗೆ ತುಕ್ಕು ಹಿಡಿಯುವುದು, ಎಂಜಿನ್ ತಿರುಗುವ ಕೀಲು ಒಣಗುವುದು ಇತರ ಕಾರಣಗಳು. ಕೈಹಿಡಿಯಿಂದ ತಿರುಗಿಸುವ ಎಂಜಿನ್ನಿನಲ್ಲಿ ಬಿಗಿತ ಹೊಂದಿಸುವ ತಿರುಪು ಇದ್ದರೆ ಅದನ್ನು ಮೊದಲು ಪರೀಕ್ಷಿಸಬೇಕು.

ದೋಷಪತ್ತೆ

ಎಂಜಿನ್ ನಿಲ್ಲಿಸಿ, ಸರಳನ್ನು ಎಂಜಿನ್ನಿಗೆ ಜೋಡಿಸುವ ಕೊಂಡಿಯನ್ನು ಕಳಚಬೇಕು. ಬಳಿಕ ಎಂಜಿನ್ನನ್ನು ಕೈಯಿಂದ ತಿರುಗಿಸಿದಾಗ ಬಿಗಿಯಿದ್ದರೆ ದೋಷ ಕೀಲಿನಲ್ಲಿದೆ. ಎಂಜಿನ್ ಸರಾಗವಾಗಿ ತಿರುಗಿ ಚಕ್ರ ಮಾತ್ರ ಬಿಗಿಯಿದ್ದರೆ ದೋಷ ಕೊಳವೆ, ಕೇಬಲ್ ಅಥವಾ ಚಕ್ರದ ಹಲ್ಲುಗಾಲಿಯಲ್ಲಿದೆ.

ದುರಸ್ತಿ

ಕೀಲಿಗೆ ಗ್ರೀಸ್ ಗನ್ನಿನಿಂದ ಹೊಸ ಗ್ರೀಸ್ ತುಂಬಬೇಕು. ಸರಳನ್ನು ಹೊರತೆಗೆದು, ಕೊಳವೆಯ ತುಕ್ಕನ್ನು ಉಜ್ಜಿ ಒರೆಸಿ, ನೀರಿಗೆ ಕರಗದ ಮೆರೈನ್ ಗ್ರೀಸ್ ಲೇಪಿಸಬೇಕು. ಕೊಳವೆಗೆ ಗ್ರೀಸ್ ತುಂಬುವಾಗ ಸರಳು ಪೂರ್ತಿ ಒಳಗಿರಬೇಕು. ಹೊರಚಾಚಿದ್ದರೆ ಒಳಗೆ ಸಿಕ್ಕಿಕೊಂಡ ಗ್ರೀಸಿನ ಒತ್ತಡದಿಂದ ಚುಕ್ಕಾಣಿ ಸಂಪೂರ್ಣ ಸ್ತಬ್ಧವಾಗಬಹುದು. ಕೇಬಲ್ಲಿನೊಳಗೆ ತುಕ್ಕು ಹಿಡಿದಿದ್ದರೆ ಎಣ್ಣೆ ಬಿಡುವುದು ತಾತ್ಕಾಲಿಕ ಉಪಾಯ. ಕೇಬಲ್ಲನ್ನೇ ಬದಲಿಸುವುದು ಸುರಕ್ಷಿತ. ಸಮುದ್ರದಿಂದ ಮರಳಿದ ಬಳಿಕ ಸಿಹಿನೀರಿನಿಂದ ತೊಳೆಯುವುದರಿಂದ ಬಿಗಿತ ಮರುಕಳಿಸುವುದು ಕಡಿಮೆಯಾಗುತ್ತದೆ.